ಇನ್ನೂರ ಹದಿನಾಲ್ಕು ಸೋಮವಾರ

ಜೂನ್ ಹದಿನೆಂಟು, ಬುಧವಾರ, ಬೆಳಗ್ಗೆ ಏಳೂವರೆ. ಕಿಬ್ಬನಹಳ್ಳಿ ರಸ್ತೆಯ ನಮ್ಮ ಕೊಬ್ಬರಿ ದಾಸ್ತಾನಿನಲ್ಲಿ ಹಾಜರಿದ್ದವರು ಮೂವರು. ಮೇಲ್ವಿಚಾರಕನಾದ ನಾನು, ಮೂವತ್ತು ವರ್ಷದಿಂದ ಅಟ್ಟದ ಕೆಲಸವನ್ನೇ ಮಾಡಿಕೊಂಡು ಬಂದಿರುವ ಹೆಂಗಸು, ದತ್ತಾಂಶ ವಿಶ್ಲೇಷಣೆಯ ಡಿಗ್ರಿಯ ಕೊನೆಯ ವರ್ಷವನ್ನು ನಮ್ಮಲ್ಲಿ ಕೆಲಸ ಮಾಡುತ್ತಲೇ ಮುಗಿಸುತ್ತಿದ್ದ ಹುಡುಗಿ. ನಾಲ್ಕನೆಯವರಾಗಿ ತುಮಕೂರಿನ ಕಾಲೇಜಿನಿಂದ ಪರೀಕ್ಷಕರು ಹನ್ನೊಂದಕ್ಕೆ ಬರುವವರಿದ್ದರು.

ಅವರು ಬಂದು ಹುಡುಗಿಯ ಯೋಜನೆ ನೋಡಿ ಒಪ್ಪಿದರೆ ಅವಳಿಗೆ ಡಿಗ್ರಿ. ಒಪ್ಪದಿದ್ದರೆ ಇಡೀ ವರ್ಷ ಮತ್ತೆ ಮೊದಲಿನಿಂದ. ಈ ಓದಿನಲ್ಲಿ ಕೊನೆಯ ವರ್ಷಕ್ಕೆ ಬರೆಯುವ ಪರೀಕ್ಷೆ ಇಲ್ಲ. ವಾರಕ್ಕೆ ಐದು ದಿನ ಕೆಲಸ, ಸೋಮವಾರ ಕಾಲೇಜು, ಕೊನೆಗೆ ಒಂದು ವರದಿ. ಆ ವರದಿಯ ಕೊನೆಯ ಪುಟದಲ್ಲಿ ಕೆಲಸ ಕಲಿಸಿದವನ ಸಹಿ ಬೇಕು. ಕಲಿಸಿದವನು ನಾನು ಎಂದು ಕಾಗದದಲ್ಲಿ ಇತ್ತು.

ನಾನು ಇಪ್ಪತ್ತೆರಡು ವರ್ಷ ಸೈನ್ಯದ ಉಗ್ರಾಣದಲ್ಲಿ ಹವಾಲ್ದಾರನಾಗಿದ್ದವನು. ಕಂಬಳಿ, ಬೂಟು, ಬೇಳೆ, ಸೀಮೆಎಣ್ಣೆ ಯಾವುದೇ ಇರಲಿ, ಬಂದದ್ದೂ ಹೋದದ್ದೂ ಅದೇ ದಿನ ಪುಸ್ತಕಕ್ಕೆ ಏರಬೇಕು. ಪುಸ್ತಕದಲ್ಲಿ ಖಾಲಿ ಮನೆ ಕಂಡರೆ ಅಧಿಕಾರಿ ಕಾರಣ ಕೇಳುತ್ತಿರಲಿಲ್ಲ, ನೇರ ಶಿಕ್ಷೆ. ಊರಿಗೆ ಬಂದ ಮೇಲೆ ಬೆಳೆಗಾರರೇ ಕೂಡಿ ಕಟ್ಟಿದ ಈ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೆಳೆಗಾರರ ಕಾಯಿಯನ್ನು ಅಟ್ಟದಲ್ಲಿ ಹನ್ನೊಂದು ತಿಂಗಳು ಇಟ್ಟು, ಉಂಡೆ ಕೊಬ್ಬರಿ ಆದ ಮೇಲೆ ಇಳಿಸಿ ಒಡೆಸುವುದು ನಮ್ಮ ಕೆಲಸ. ಯಾವಾಗ ಇಳಿಸಬೇಕು ಎಂಬುದೇ ಅದರ ಕಷ್ಟ. ಬೇಗ ಇಳಿಸಿದರೆ ಒಳಗಿನ್ನೂ ಹಸಿ, ಬೂಸಲು ಹಿಡಿಯುತ್ತದೆ. ತಡ ಮಾಡಿದರೆ ಅಟ್ಟದಲ್ಲಿ ಜಾಗವಿಲ್ಲದೆ ಹೊಸ ಕಾಯಿ ಅಂಗಳದಲ್ಲೇ ಮೊಳಕೆ ಒಡೆಯುತ್ತದೆ.

ಅದಕ್ಕೆ ಒಂದು ರಿಜಿಸ್ಟರ್ ಮಾಡಿದ್ದೆ. ಅಟ್ಟದ ತೊಲೆಗೆ ಎರಡು ಥರ್ಮಾಮೀಟರ್ ನೇತುಹಾಕಿದ್ದೆ, ಒಂದು ಒಣದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ನಡುವಿನ ಅಂತರದಿಂದ ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ತಿಳಿಯುತ್ತದೆ. ಜೊತೆಗೆ ಸುಣ್ಣದ ಗುರುತು ಹಾಕಿದ ಐವತ್ತು ಕಾಯಿ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಹಸಿ; ಏನೂ ಕೇಳಿಸದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪಿಗೆ ಅಂಟಿದೆ; ಒಳಗೆ ಉಂಡೆ ಗಡಗಡ ಎಂದರೆ ಸಿದ್ಧ. ಬೆಳಗ್ಗೆ ಏಳೂವರೆಗೆ ಏಣಿ, ಎಂಟೂಕಾಲಿಗೆ ಪುಸ್ತಕ. ಭಾನುವಾರ ರಜೆಯಿದ್ದರೂ ನಾನೊಬ್ಬನೇ ಬಂದು ಹತ್ತಿ ಇಳಿದು ಬರೆದು ಹೋಗುತ್ತಿದ್ದೆ.

ಹುಡುಗಿ ಬಂದದ್ದು ಹೋದ ಆಗಸ್ಟಿನಲ್ಲಿ. ಊರು ದಂಡಿನಶಿವರ. ಮೊದಲ ದಿನ ಎಂಟು ಹತ್ತಕ್ಕೆ ಬಸ್ಸಿಳಿದಳು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. "ಸರ್, ಚಾರ್ಜಿಗೆ ಪ್ಲಗ್ ಎಲ್ಲಿದೆ?" ಎಂದು ಕೇಳಿದಳು. ನಾನು ಗಡಿಯಾರ ತೋರಿಸಿದೆ. ಆಮೇಲೆ ಏಣಿ ತೋರಿಸಿದೆ.

ಅಟ್ಟದ ಹೆಂಗಸು ಕೆಳಗೆ ಕಾಯಿ ಆಯುತ್ತಿದ್ದವಳು ತಲೆ ಎತ್ತಿ ಅಂದಳು: "ಸುಬೇದಾರ್ರೇ, ಓದಿರೋ ಕೂಸು ಕಣ್ರೀ ಅದು. ಬಂದ ದಿನವೇ ಅಟ್ಟದ ಇಲಿ ಮಾಡ್ತೀರಲ್ಲ."

ನಾನು ಹವಾಲ್ದಾರ ಎಂದು ಎಷ್ಟು ಸಲ ಹೇಳಿದರೂ ಅವಳು ಸುಬೇದಾರ್ರು ಎಂದೇ ಕರೆಯುವುದು. ಸರ್ಕಾರ ಕೊಡದ ಬಡ್ತಿ ಅವಳು ಕೊಟ್ಟಿದ್ದಳು.

ಮೊದಲ ಎರಡು ತಿಂಗಳು ಹುಡುಗಿಗೆ ಲ್ಯಾಪ್‌ಟಾಪ್ ತೆಗೆಯಲು ಬಿಡಲಿಲ್ಲ. ದಿನಾ ಐವತ್ತು ಕಾಯಿ ಅಲ್ಲಾಡಿಸು, ಕೇಳಿದ್ದನ್ನು ಹೇಳು ಎಂದೆ. ಮೊದಲ ವಾರ ಅವಳಿಗೆ ಸದ್ದಿಲ್ಲದ ಕಾಯಿಗೂ ಹಸಿ ಕಾಯಿಗೂ ವ್ಯತ್ಯಾಸವೇ ಸಿಗುತ್ತಿರಲಿಲ್ಲ. ಧೂಳಿಗೆ ಸೀನು ಬೇರೆ. ಒಂದು ದಿನ ಇಳಿದು ಬಂದವಳು, "ಸರ್, ನಮ್ಮ ಕ್ಲಾಸಲ್ಲಿ ಬೇರೆಯವರೆಲ್ಲ ಬ್ಯಾಂಕಲ್ಲಿ, ಆಸ್ಪತ್ರೇಲಿ ಎಸಿ ರೂಮಲ್ಲಿ ಕೂತಿದ್ದಾರೆ. ನಾನು ಕಾಯಿ ಜೊತೆ ಮಾತಾಡ್ತಿದೀನಿ," ಎಂದಳು. ಅಳು ಇತ್ತು, ನಗುವೂ ಇತ್ತು.

"ಮಾತಾಡ್ಬೇಡ, ಕೇಳಿಸ್ಕೋ," ಎಂದೆ. ಅದು ಒರಟಾಯಿತು ಎಂದು ಆಮೇಲೆ ಅನ್ನಿಸಿತು.

ಆದರೆ ಹುಡುಗಿ ಬಿಡುವವಳಲ್ಲ. ದೀಪಾವಳಿಯ ಹೊತ್ತಿಗೆ ನನಗಿಂತ ಚುರುಕಾಗಿ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಎಡಗಿವಿ ಸ್ವಲ್ಪ ಮಂದ. ಆಗ ರಿಜಿಸ್ಟರುಗಳನ್ನು ಅವಳ ಮುಂದಿಟ್ಟೆ. ನಾಲ್ಕು ವರ್ಷದ ದಿನದಿನದ ಅಂಕಿ. ಅವಳು ಒಂದೊಂದೇ ಪುಟ ತಿರುವಿ, "ಸರ್, ಒಂದು ಮನೆನೂ ಖಾಲಿ ಇಲ್ವಲ್ಲ! ಕಾಲೇಜಲ್ಲಿ ಅಭ್ಯಾಸಕ್ಕೆ ಕೊಡೋ ಪಟ್ಟೀಲೂ ಅರ್ಧ ತೂತೇ ಇರುತ್ತೆ," ಎಂದಳು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದೇಕೆ?

ಚಳಿಗಾಲವೆಲ್ಲ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದಳು. ಆಮೇಲೆ ಅವಳ ಯೋಜನೆ ಶುರುವಾಯಿತು. ಅಟ್ಟದ ತೇವ, ಸೆಕೆ, ಕಾಯಿಯ ಸದ್ದು ಇವುಗಳನ್ನು ನೋಡಿಕೊಂಡು ಆ ಅಟ್ಟ ಯಾವ ದಿನ ಇಳಿಸಲು ಸಿದ್ಧವಾಗುತ್ತದೆ ಎಂದು ತಿಂಗಳ ಮೊದಲೇ ಹೇಳುವುದು. ಏಪ್ರಿಲಿನಲ್ಲಿ ಅವಳ ಲೆಕ್ಕ ಸರಿಸುಮಾರು ಮೂರು ದಿನದ ಹೆಚ್ಚುಕಡಿಮೆಯಲ್ಲಿ ಹೇಳತೊಡಗಿತು. ನಮ್ಮ ವ್ಯವಸ್ಥಾಪಕರು ಬಂದು ನೋಡಿ, ಡಿಗ್ರಿ ಆದ ಕೂಡಲೇ ಇಲ್ಲೇ ಕೆಲಸ ಎಂದು ಹೇಳಿಹೋದರು. ಅವಳ ಮನೆಯಲ್ಲಿ ಅದೇ ಮಾತಿನ ಮೇಲೆ ಮದುವೆ ಮಾತುಕತೆ ಒಂದು ವರ್ಷ ಮುಂದೆ ಹೋಗಿತ್ತು. ಅದನ್ನು ಹೇಳಿದ್ದು ಅಟ್ಟದ ಹೆಂಗಸು. ಹುಡುಗಿ ನನ್ನ ಹತ್ತಿರ ಅಂಥದ್ದೇನೂ ಹೇಳುತ್ತಿರಲಿಲ್ಲ.

ಈಗ ಆ ಬುಧವಾರದ ಬೆಳಗ್ಗೆಗೆ ಬರುತ್ತೇನೆ. ಸಹಿ ಹಾಕುವ ಕಾಗದವನ್ನು ಓದದೆ ಸಹಿ ಹಾಕುವುದಿಲ್ಲ, ಅದು ನನ್ನ ನಿಯಮ. ವರದಿ ಅರವತ್ತು ಪುಟ. ಏಳೂಮುಕ್ಕಾಲಿಗೆ ಓದಲು ಕೂತೆ. ನಲವತ್ತೊಂದನೆಯ ಪುಟದಲ್ಲಿ ಒಂದು ಚಿತ್ರ ಇತ್ತು. ವಾರದ ಏಳು ದಿನಕ್ಕೆ ಏಳು ಅಂಕಣ, ನಡುವೆ ಅಡ್ಡಲಾಗಿ ಒಂದು ಗೆರೆ; ಒಂದೊಂದು ಅಂಕಿಗೂ ಒಂದೊಂದು ಚುಕ್ಕೆ; ಆ ದಿನದ ತೇವ ಹಿಂದಿನ ದಿನಕ್ಕೂ ಮರುದಿನಕ್ಕೂ ನಟ್ಟನಡುವೆ ಇದ್ದರೆ ಚುಕ್ಕೆ ಗೆರೆಯ ಮೇಲೆ, ಇಲ್ಲದಿದ್ದರೆ ಮೇಲೋ ಕೆಳಗೋ. ಆರು ದಿನದ ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಚೆದುರಿದ್ದವು. ಸೋಮವಾರದವು ಮಾತ್ರ ಕವಾಯತಿಗೆ ನಿಂತ ಸಿಪಾಯಿಗಳ ಹಾಗೆ ಒಂದೇ ಗೆರೆ. ಕೆಳಗೆ ಬರೆದಿದ್ದಳು: "ಸೋಮವಾರದ ಅಂಕಿಗಳಲ್ಲಿ ಏರಿಳಿತ ಕಾಣುವುದಿಲ್ಲ. ಕಾರಣ ತಿಳಿದಿಲ್ಲ."

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಕಾರಣ ನನಗೆ ತಿಳಿದಿತ್ತು.

ನಮ್ಮ ಕಡೆ ಸೋಮವಾರ ಅಟ್ಟಕ್ಕೆ ಏಣಿ ಇಡುವುದಿಲ್ಲ. ಅಂದು ಎತ್ತಿಗೂ ನೊಗ ಕಟ್ಟದ ಮನೆಗಳಲ್ಲಿ ಅದೂ ಒಂದು ನಡೆವಳಿಕೆ. ಇಳಿಸಿಟ್ಟ ಕಾಯಿಯನ್ನು ಆಯಬಹುದು, ಒಡೆಯಬಹುದು, ಮಾರಬಹುದು. ಅಟ್ಟದಲ್ಲಿ ಇರುವುದನ್ನು ಮುಟ್ಟುವಂತಿಲ್ಲ. ಮುಕ್ಕಣ್ಣನ ವಾರ ಮೂರು ಕಣ್ಣಿನ ಕಾಯಿಯನ್ನು ಅಲ್ಲಾಡಿಸಬಾರದು ಎನ್ನುತ್ತಾರೆ. ಕಾಯಿ ತಂದು ಹಾಕುವ ಬೆಳೆಗಾರರೆಲ್ಲ ಅದೇ ನಂಬಿಕೆಯವರು, ನಾನೂ ಆ ಮನೆಗಳಲ್ಲಿ ಒಂದರವನೇ. ಹಾಗಾಗಿ ದಾಸ್ತಾನಿನಲ್ಲೂ ಸೋಮವಾರ ಯಾರೂ ಹತ್ತುತ್ತಿರಲಿಲ್ಲ.

ಆದರೆ ರಿಜಿಸ್ಟರಿನಲ್ಲಿ ವಾರಕ್ಕೆ ಏಳು ಮನೆ ಅಚ್ಚಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ಮಂಗಳವಾರ ಆ ಖಾಲಿ ಮನೆ ನೋಡಿ ನನಗೆ ಸಹಿಸಲಾಗಲಿಲ್ಲ. ಭಾನುವಾರದ ಅಂಕಿ ಇದೆ, ಮಂಗಳವಾರದ ಅಂಕಿ ಇದೆ, ನಡುವಿನದು ನಡುವೆಯೇ ಇರಬೇಕಲ್ಲ ಎಂದು ಎರಡನ್ನೂ ಕೂಡಿ ಅರ್ಧ ಮಾಡಿ ಬರೆದೆ. ಸದ್ದಿನ ಅಂಕಿಗೂ ಅದೇ ಉಪಾಯ. ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ. ಹಾಸಿಗೆಯ ಮೂಲೆ ಮಡಿಚಿ ಸರಿಮಾಡಿದಂತೆ ಅನ್ನಿಸಿತ್ತು. ಆಮೇಲೆ ಪ್ರತಿ ಮಂಗಳವಾರ ಅದೇ ಅಭ್ಯಾಸ.

ಹುಡುಗಿಯನ್ನು ಕರೆದೆ. ಪುಟ ತೋರಿಸಿ ಕೇಳಿದೆ, "ಕಾರಣ ತಿಳಿದಿಲ್ವಾ ನಿನಗೆ?"

ಅವಳು ನೆಲ ನೋಡಿದಳು.

"ನಿಮ್ಮ ಮನೇಲಿ ಸೋಮವಾರ ಅಟ್ಟ ಹತ್ತುತ್ತಾರಾ?"

"ಇಲ್ಲ ಸರ್."

"ಎಷ್ಟು ದಿನದಿಂದ ಗೊತ್ತು?"

"ಮೂರು ವಾರ ಆಯ್ತು ಸರ್. ಚಿತ್ರ ಬಂದ ತಕ್ಷಣವೇ ಗೊತ್ತಾಯ್ತು."

ಒಳಗಿನಿಂದ ಅಟ್ಟದ ಹೆಂಗಸು ಬಾಯಿ ಹಾಕಿದಳು: "ನನ್ನೂ ಕೇಳಿತ್ತು ಅದು. 'ಸೋಮವಾರ ಸರ್ ಹತ್ತುತ್ತಾರಾ ದೊಡ್ಡವ್ವ' ಅಂತ. ಅವರು ಹತ್ತಲ್ಲ ಕಣವ್ವ, ಅವರ ಪೆನ್ನು ಹತ್ತುತ್ತೆ ಅಂದೆ."

"ನನಗ್ಯಾಕೆ ಹೇಳಲಿಲ್ಲ?" ಎಂದು ಹುಡುಗಿಯನ್ನೇ ಕೇಳಿದೆ.

"ಹೆಂಗೆ ಹೇಳ್ಲಿ ಸರ್? ನೀವು ಒಂದು ನಿಮಿಷ ತಡ ಆದ್ರೆ ಗಡಿಯಾರ ತೋರಿಸೋರು. ನಿಮ್ಮ ಪುಸ್ತಕದಲ್ಲಿ ತಪ್ಪಿದೆ ಅಂತ ನಾನು ಹೇಳೋದಾ?"

"ಪರೀಕ್ಷಕರು ಮೊದಲು ಕೇಳೋ ಪ್ರಶ್ನೆ ಇದೇ ಆಗಿರುತ್ತೆ. ಇಲ್ಲೇ ಹುಟ್ಟಿ ಬೆಳೆದವಳು, ಹತ್ತು ತಿಂಗಳು ಇಲ್ಲೇ ಇದ್ದವಳು, ಕಾರಣ ಹುಡುಕಲಿಲ್ಲವಾ ಅಂತಾರೆ. ಏನು ಹೇಳ್ತೀಯ?"

"ಗೊತ್ತಾಗಲಿಲ್ಲ ಅಂತೀನಿ. ಸ್ವಲ್ಪ ಅಂಕ ಕಳೀತಾರೆ, ಅಷ್ಟೇ. ಅಂಕಿ ಕಟ್ಟಿದ್ದು ಅಂತ ಗೊತ್ತಾದ್ರೆ ಇಡೀ ರಿಜಿಸ್ಟರೇ ಬೇಡ ಅಂದುಬಿಡ್ತಾರೆ ಸರ್. ಆಗ ನನಗೆ ಏನೂ ಉಳಿಯಲ್ಲ. ಬೇಡ. ಹಿಂಗೇ ಬುಡಿ."

ಅವಳ ಮಾತಿನಲ್ಲಿ ನ್ಯಾಯ ಇತ್ತು. ಎದ್ದು ಅಂಗಳಕ್ಕೆ ಹೋದೆ. ರಾತ್ರಿ ಹನಿದಿತ್ತು, ಚಿಪ್ಪಿನ ರಾಶಿಯ ಒಂದೊಂದು ಚಿಪ್ಪಿನಲ್ಲೂ ಒಂದು ಗುಟುಕು ನೀರು. ನಾನು ಸಹಿ ಹಾಕಬೇಕಾದ ಸಾಲು ನೆನಪಾಯಿತು: ಈ ವರದಿಯ ಅಂಕಿಗಳು ಕೆಲಸದ ಜಾಗದಲ್ಲಿ ನೋಡಿ ದಾಖಲಿಸಿದವು ಎಂದು ದೃಢೀಕರಿಸುತ್ತೇನೆ. ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಅವಳು ಬಹುಶಃ ಪಾಸು. ಬಾಯಿ ಬಿಟ್ಟರೆ ನನ್ನ ತಪ್ಪಿಗೆ ಅವಳ ವರ್ಷ ಹೋಗಬಹುದು. ಆದರೆ ಅವಳು ಹತ್ತು ತಿಂಗಳು ನನ್ನ ಹತ್ತಿರ ಕಲಿತದ್ದರ ಕೊನೆಯ ಪಾಠ ಸುಳ್ಳು ಹೇಳುವುದಾಗಬಾರದು. ಅದೂ ನನ್ನನ್ನು ಉಳಿಸಲು. ಇಷ್ಟು ಯೋಚಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆ ದಿನ ಥರ್ಮಾಮೀಟರ್ ನೋಡಿದ್ದು ಒಂಬತ್ತೂಕಾಲಿಗೆ. ಅದನ್ನು ಹೊತ್ತು ಸಮೇತ ಹಾಗೆಯೇ ಬರೆದೆ.

ಪರೀಕ್ಷಕರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ಛತ್ರಿ. ಹೊತ್ತಿಗೆ ಮೊದಲೇ ಬಂದದ್ದು ನನಗೆ ಹಿಡಿಸಿತು. ಕಾಯಿ ಆಯುವ ಮೇಜನ್ನು ಒರೆಸಿ ಕುರ್ಚಿ ಹಾಕಿದೆವು. ಹುಡುಗಿ ಲ್ಯಾಪ್‌ಟಾಪ್ ತೆರೆದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ಮೇಡಂ, ಶುರು ಮಾಡೋಕೆ ಮುಂಚೆ ಒಂದು ಮಾತು. ನಲವತ್ತೊಂದನೇ ಪುಟದಲ್ಲಿ ಕಾರಣ ತಿಳಿದಿಲ್ಲ ಅಂತಿದೆ. ಕಾರಣ ನಾನು. ಸೋಮವಾರ ನಾವು ಅಟ್ಟ ಹತ್ತೋದಿಲ್ಲ. ಆ ದಿನದ ಅಂಕಿಯನ್ನ ನಾಲ್ಕು ವರ್ಷದಿಂದ ನಾನು ಕೂತಲ್ಲೇ ಬರೆದಿದ್ದೀನಿ. ಈ ಹುಡುಗಿ ಅದನ್ನ ಕಂಡುಹಿಡಿದಳು. ನನ್ನ ಮರ್ಯಾದೆಗೆ ಅಂಜಿ ಬರೆದಿಲ್ಲ."

ಹುಡುಗಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಮೇಡಂ ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಗೊತ್ತಿದ್ದೂ ತಿಳಿದಿಲ್ಲ ಅಂತ ಬರೆದ್ಯಾ?"

"ಹೌದು ಮೇಡಂ."

"ಅದು ಅವರು ಮಾಡಿದ್ದಕ್ಕಿಂತ ದೊಡ್ಡ ತಪ್ಪು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿನಗೆ ಮೂರು ವರ್ಷ ಅದನ್ನೇ ಹೇಳಿಕೊಟ್ಟಿದ್ದೀವಿ."

ಹೊರಗೆ ಒಂದು ಬಸ್ಸು ನಿಂತು ಹೋಯಿತು.

"ಸೋಮವಾರ ಕಟ್ಟಿದ ಮನುಷ್ಯ ಗುರುವಾರ ಕಟ್ಟಿಲ್ಲ ಅಂತ ನಾನು ಹೆಂಗೆ ನಂಬಲಿ?" ಎಂದರು ಮೇಡಂ. ಪ್ರಶ್ನೆ ಹುಡುಗಿಗೆ ಹಾಕಿದ್ದಾದರೂ ಚುಚ್ಚಿದ್ದು ನನಗೆ.

ಹುಡುಗಿ ಲ್ಯಾಪ್‌ಟಾಪನ್ನು ಮೇಡಂ ಕಡೆಗೆ ತಿರುಗಿಸಿ ಅದೇ ಚಿತ್ರ ತೆಗೆದಳು. "ಮೇಡಂ, ಕೂತಲ್ಲೇ ಬರೆದ್ರೆ ಹಿಂಗೆ ಗೆರೆ ಬರುತ್ತೆ. ನೋಡಿ ಬರೆದ್ರೆ ಹಿಂಗೆ ಚೆದುರುತ್ತೆ. ಗುರುವಾರ ನೋಡಿ, ಶನಿವಾರ ನೋಡಿ. ಭಾನುವಾರ ರಜೆ ದಿನ, ಯಾರೂ ಕೇಳೋರಿಲ್ಲ, ಆದ್ರೂ ಚೆದುರಿದೆ. ಸರ್ ಒಬ್ಬರೇ ಬಂದು ಹತ್ತಿದಾರೆ. ಇನ್ನೊಂದು, ನವೆಂಬರಿಂದ ನಾನೂ ಬೇರೆ ಪುಸ್ತಕದಲ್ಲಿ ಬರೆದುಕೊಂಡಿದ್ದೀನಿ. ಎರಡನ್ನೂ ತಾಳೆ ನೋಡಬಹುದು."

ಅವಳಲ್ಲಿ ಬೇರೆ ಪುಸ್ತಕ ಇತ್ತೆಂದು ನನಗೆ ಗೊತ್ತಿರಲಿಲ್ಲ. ಚೀಲದಿಂದ ತೆಗೆದಳು. ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕು. ಅವಳು ಅಟ್ಟ ಹತ್ತಿದ ದಿನಗಳ ಅಂಕಿ ಮಾತ್ರ. ತಾನು ಹತ್ತದ ಭಾನುವಾರ, ಸೋಮವಾರಕ್ಕೆಲ್ಲ ಒಂದೊಂದು ಅಡ್ಡಗೆರೆ. ಮೇಡಂ ತಮಗೆ ತೋಚಿದ ಇಪ್ಪತ್ತು ದಿನ ಆರಿಸಿ ನನ್ನ ರಿಜಿಸ್ಟರಿನೊಡನೆ ತಾಳೆ ನೋಡಿದರು. ಎರಡು ಕಡೆ ಮಾತ್ರ ಒಂದೊಂದು ಕಾಯಿಯ ವ್ಯತ್ಯಾಸ ಇತ್ತು.

"ಅದು ಅವರ ಎಡಗಿವಿ," ಎಂದಳು ಅಟ್ಟದ ಹೆಂಗಸು, ಮೊರದಲ್ಲಿ ಕೊಬ್ಬರಿ ಚೂರು ಕೇರುತ್ತಲೇ.

"ಸರಿ," ಎಂದರು ಮೇಡಂ. "ಸೋಮವಾರಗಳನ್ನೆಲ್ಲ ತೆಗೆದುಹಾಕು. ನನ್ನ ಎದುರಿಗೇ ಲೆಕ್ಕ ಮತ್ತೆ ಓಡಿಸು."

ಹುಡುಗಿ ಓಡಿಸಿದಳು. ಉತ್ತರ ಬರಲು ನಾಲ್ಕು ನಿಮಿಷ. ಮೂರು ದಿನ ಇದ್ದ ಹೆಚ್ಚುಕಡಿಮೆ ಆರು ದಿನಕ್ಕೆ ಹೋಯಿತು. ಅವಳ ಮುಖ ಇಳಿಯಿತು. ಯಾಕೆ ಹೀಗಾಯಿತೆಂದು ಅವಳೇ ನನಗೆ ಬಿಡಿಸಿ ಹೇಳಿದಳು. ಲೆಕ್ಕ ಒಂದೊಂದು ದಿನದ ಅಂಕಿಯನ್ನೂ ಊಹಿಸುತ್ತ ಇಳಿಸುವ ದಿನಕ್ಕೆ ಹೋಗುತ್ತದೆ; ಅದರಲ್ಲಿ ನನ್ನ ನಯವಾದ ಸೋಮವಾರಗಳನ್ನು ಊಹಿಸುವುದು ಸುಲಭವಾಗಿತ್ತು. ಅವುಗಳನ್ನು ಸರಿಯಾಗಿ ಊಹಿಸಿದ್ದಕ್ಕೆ ಲೆಕ್ಕ ತನ್ನ ಬೆನ್ನು ತಾನೇ ತಟ್ಟಿಕೊಂಡಿತ್ತು. ನಿಜವಾದ ಗಾಳಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

"ಆರು ದಿನ ಅಂದ್ರೆ ಉಪಯೋಗಕ್ಕೆ ಬರುತ್ತಾ?" ಎಂದು ಮೇಡಂ ಕೇಳಿದರು. ನನ್ನನ್ನಲ್ಲ, ಅಟ್ಟದ ಹೆಂಗಸನ್ನು.

ಅವಳು ಮೊರ ಕೆಳಗಿಟ್ಟಳು. "ಹನ್ನೊಂದು ತಿಂಗಳಿಗೆ ಆರು ದಿನವಾ? ನಮ್ಮತ್ತೆ ಕಿವಿನೂ ಅಷ್ಟೇ ಕಣವ್ವ. ಊರೆಲ್ಲ ಅವರನ್ನೇ ಕರೆಯೋರು. ಮೂರು ದಿನ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಶಿವನಿಗೂ ಅಷ್ಟು ಗೊತ್ತಾಗಕ್ಕಿಲ್ಲ ಬುಡು ಅಂದ್ಕಂಡಿದ್ದೆ."

ಮೇಡಂ ಮೊದಲ ಸಲ ನಕ್ಕರು. ಆಮೇಲೆ ಪೆನ್ನು ತೆಗೆದು ಬರೆಯುತ್ತ ಹೇಳಿದರು. ವರದಿ ಒಪ್ಪಬಹುದು, ಆದರೆ ನಲವತ್ತೊಂದನೆಯ ಪುಟ ಮತ್ತೆ ಬರೆಯಬೇಕು, ಕಾರಣ ಪೂರ್ತಿ ಇರಬೇಕು, ಮೂರು ದಿನದ ಜಾಗದಲ್ಲಿ ಆರು ಎಂದಾಗಬೇಕು. ತಿಳಿದೂ ಮರೆಮಾಚಿದ್ದಕ್ಕೆ ಅಂಕ ಕಳೆಯುತ್ತೇನೆ, ಅದರಲ್ಲಿ ರಿಯಾಯಿತಿ ಇಲ್ಲ. ಮೂಲ ರಿಜಿಸ್ಟರಿನಲ್ಲೂ ಆ ಅಂಕಿಗಳನ್ನು ಹೊಡೆದುಹಾಕಿ ಸಹಿ ಮಾಡಿ, ಇವತ್ತು ಸಂಜೆಯೊಳಗೆ ಪುಟಗಳ ಫೋಟೋ ಕಳಿಸಬೇಕು. ನಾಳೆ ಬೆಳಗ್ಗೆ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಆಮೇಲೆ ಬಂದರೆ ನಾನೇನೂ ಮಾಡಲಾರೆ.

ಹನ್ನೆರಡೂಮುಕ್ಕಾಲಿಗೆ ಅವರು ಹೊರಟರು. ಅವರನ್ನು ಬಸ್ಸಿಗೆ ಬಿಟ್ಟು ಬಂದೆ. ವ್ಯವಸ್ಥಾಪಕರಿಗೆ ಫೋನು ಮಾಡಿ ವಿಷಯವನ್ನು ನಾನೇ ಹೇಳಿದೆ. ಅವರು, "ಹುಡುಗಿ ಕೆಲಸ ಹುಡುಗಿಗೇ. ನಿಮ್ಮದು ನಾಳೆ ಬಂದು ಮಾತಾಡ್ತೀನಿ," ಎಂದರು. ಅದು ನ್ಯಾಯವೇ.

ಊಟ ಮುಗಿಸಿ ಕೂತೆವು. ಲೆಕ್ಕ ಹಾಕಿದಾಗ ಇನ್ನೂರ ಹದಿನಾಲ್ಕು ಸೋಮವಾರ. ಹುಡುಗಿ ತಾರೀಕು ಓದುವುದು, ನಾನು ಅಳತೆಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು, ಪಕ್ಕದಲ್ಲಿ "ಅಟ್ಟ ಹತ್ತಿಲ್ಲ" ಎಂದು ಬರೆದು ಸಹಿ ಮಾಡುವುದು. ಪುಟ ಮುಗಿದರೆ ಅವಳು ಫೋಟೋ ತೆಗೆದುಕೊಳ್ಳುವುದು. ಅಟ್ಟದ ಹೆಂಗಸು ನಾಲ್ಕು ಗಂಟೆಗೆ ಚಹಾ ತಂದಿಟ್ಟು ಪುಸ್ತಕ ನೋಡಿ, "ಇಷ್ಟೊಂದು ಸೋಮವಾರ ಹೊಡೆದಾಕಿದ್ರೆ ವಯಸ್ಸು ಕಮ್ಮಿ ಆಗುತ್ತಾ ಸುಬೇದಾರ್ರೇ?" ಎಂದಳು.

"ಹವಾಲ್ದಾರ," ಎಂದೆ.

"ಇವತ್ತು ಸುಬೇದಾರ್ರೇ," ಎಂದು ಹೋದಳು.

ಎರಡನೆಯ ರಿಜಿಸ್ಟರ್ ಮುಗಿಯುವ ಹೊತ್ತಿಗೆ ಹುಡುಗಿ, "ಸರ್, ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದಳು.

"ಮುಂದಿನ ತಾರೀಕು ಓದು," ಎಂದೆ. ಓದಿದಳು. ಆ ಗೆರೆ ಎಳೆದ ಮೇಲೆ ಹೇಳಿದೆ, "ಇಲ್ಲಮ್ಮ. ನಿನ್ನ ನೋಟ್‌ಬುಕ್ಕಿನ ಅಡ್ಡಗೆರೆ ನೋಡಿದೆ. ಅದು ನನಗೆ ಯಾರೂ ಕಲಿಸಿರಲಿಲ್ಲ."

ಅವಳು ಮುಂದಿನ ತಾರೀಕನ್ನು ಸ್ವಲ್ಪ ಜೋರಾಗಿ ಓದಿದಳು, ನನ್ನ ಎಡಗಿವಿಯ ಕಡೆ ಕೂತಿದ್ದರಿಂದ.

ದಂಡಿನಶಿವರದ ಬಸ್ಸು ಆರೂವರೆಗೆ. ಆರಕ್ಕೆ ಹತ್ತು ನಿಮಿಷ ಇರುವಾಗ ಈ ವರ್ಷದ ಪುಸ್ತಕಕ್ಕೆ ಬಂದೆವು. ಜನವರಿ, ಫೆಬ್ರವರಿ, ಮಾರ್ಚ್ ಎಂದು ಸೋಮವಾರಗಳು ಒಂದೊಂದೇ ಹೋದವು. ಕೊನೆಗೆ ಉಳಿದದ್ದು ಮೊನ್ನೆಯದು, ಜೂನ್ ಹದಿನಾರು. ನಿನ್ನೆ ಬೆಳಗ್ಗೆ ಎಂಟೂಕಾಲಿಗೆ ಭಾನುವಾರವನ್ನೂ ಮಂಗಳವಾರವನ್ನೂ ಕೂಡಿ ಅರ್ಧ ಮಾಡಿ ಬರೆದದ್ದು. ಶಾಯಿ ಇನ್ನೂ ಕಪ್ಪಾಗಿತ್ತು. ಅಳತೆಪಟ್ಟಿ ಇಟ್ಟು ಗೆರೆ ಎಳೆದೆ. ಅಟ್ಟ ಹತ್ತಿಲ್ಲ ಎಂದು ಬರೆದು ಸಹಿ ಮಾಡಿದೆ. ಅವಳು ಫೋಟೋ ತೆಗೆದು ಕಳಿಸಿದಳು. ಊಟಕ್ಕೆ ಮೊದಲೇ ಅವಳು ಬರೆದಿಟ್ಟಿದ್ದ ವರದಿಯ ಹೊಸ ಪುಟ ಓದಿ, ಕೊನೆಯ ಪುಟಕ್ಕೂ ಸಹಿ ಹಾಕಿದೆ. ಆರು ಹದಿನೆಂಟಕ್ಕೆ ಪೆನ್ನಿನ ಮುಚ್ಚಳ ಹಾಕಿದೆ.